ಬಿಡದಿಗೆ ಬಂದ ಜಪಾನಿ ಪದ್ಧತಿ

ನೇಮಕಾತಿ, ತರಬೇತಿ, ವೇತನ, ಬಡ್ತಿ, ವಜಾ ಇವು ಎಲ್ಲ ದೇಶಗಳ ಮಾನವ ಸಂಪನ್ಮೂಲ ನಿರ್ವಹಣೆಯಲ್ಲೂ ಇವೆ. ಆದರೆ ನೌಕರನ ಮಾತಿಗೆ ಎಷ್ಟು ಬೆಲೆ, ಉದ್ಯೋಗಕ್ಕೆ ಎಷ್ಟು ಭದ್ರತೆ ಎಂಬುದನ್ನು ಆಯಾ ದೇಶದ ಕಾನೂನು ಮತ್ತು ಇತಿಹಾಸ ನಿರ್ಧರಿಸುತ್ತವೆ. ಕರ್ನಾಟಕದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆ.

ಜಪಾನಿನ ದೊಡ್ಡ ಸಂಸ್ಥೆಗಳ ಪದ್ಧತಿಗೆ ಆಧಾರಸ್ತಂಭಗಳು ಮೂರು: ನಿವೃತ್ತಿಯವರೆಗಿನ ಉದ್ಯೋಗ, ಸೇವಾವಧಿಗೆ ತಕ್ಕ ವೇತನ, ಸಂಸ್ಥೆಯೊಳಗಿನದೇ ಕಾರ್ಮಿಕ ಸಂಘ. ಇವು ಆ ನಾಡಿನ ಸ್ವಭಾವದಿಂದ ತಾನಾಗಿ ಹುಟ್ಟಿದವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. 1950ರಲ್ಲಿ ಟೊಯೊಟಾದಲ್ಲೇ ಉದ್ಯೋಗ ಕಡಿತದ ವಿರುದ್ಧ ಮುಷ್ಕರ ನಡೆದು, ಸಂಸ್ಥಾಪಕ ಕೀಚಿರೊ ಟೊಯೊಡ ಅಧ್ಯಕ್ಷ ಸ್ಥಾನ ತೊರೆಯಬೇಕಾಯಿತು. ಪರಸ್ಪರ ವಿಶ್ವಾಸದ ಜಂಟಿ ಘೋಷಣೆಗೆ ಆಡಳಿತವರ್ಗ ಮತ್ತು ಸಂಘ ಸಹಿ ಹಾಕಿದ್ದು 1962ರಲ್ಲಿ. ಶಿಸ್ತಿಗೆ ಪ್ರತಿಯಾಗಿ ಭದ್ರತೆ ಎಂಬ ಒಪ್ಪಂದ ಕುದುರಲು ಹನ್ನೆರಡು ವರ್ಷ ಹಿಡಿದಿತ್ತು.

ಬಿಡದಿಯಲ್ಲಿ ಉತ್ಪಾದನೆ ಆರಂಭವಾದದ್ದು 1999ರ ಕೊನೆಯಲ್ಲಿ. ನಿರಂತರ ಸುಧಾರಣೆಯ 'ಕೈಜೆನ್', ಸೆಕೆಂಡುಗಳ ಲೆಕ್ಕದ ಕೆಲಸದ ಶಿಸ್ತು ಕಾರ್ಖಾನೆಯೊಂದಿಗೇ ಬಂದವು. ಗ್ರಾಮೀಣ ವಿದ್ಯಾರ್ಥಿಗಳಿಗಾಗಿ 2007ರಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯೂ ಆರಂಭವಾಯಿತು. ಆದರೆ ಹನ್ನೆರಡು ವರ್ಷಗಳ ಆ ವಿಶ್ವಾಸವನ್ನು ಹಡಗಿನಲ್ಲಿ ತರಲಾಗದು. 2006ರ ಜನವರಿಯಲ್ಲಿ ಮೂವರ ವಜಾ, 2014ರ ಮಾರ್ಚ್‌ನಲ್ಲಿ ವೇತನ, 2020ರ ನವೆಂಬರ್‌ನಲ್ಲಿ ಸಂಘದ ಪದಾಧಿಕಾರಿಯ ಅಮಾನತು ಹಾಗೂ ಕೆಲಸದ ಒತ್ತಡ ವಿವಾದವಾಗಿ, ಮೂರು ಬಾರಿಯೂ ಬೀಗಮುದ್ರೆ ಘೋಷಣೆಯಾಯಿತು. ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಕೆಲಸಕ್ಕೆ ಹಾಜರಾಗಬೇಕೆಂಬ ಷರತ್ತನ್ನು 2014 ಮತ್ತು 2020ರಲ್ಲಿ ಸಂಘ ವಿರೋಧಿಸಿತು.

ಬಿಡದಿಯಲ್ಲೇ ಕಾರ್ಖಾನೆ ಹೊಂದಿರುವ ಬಾಷ್ ಸಂಸ್ಥೆಯ ತಾಯ್ನಾಡು ಜರ್ಮನಿಯಲ್ಲಿ ವಿಶ್ವಾಸಕ್ಕೆ ಕಾನೂನಿನ ಬೆಂಬಲವಿದೆ. ಅಲ್ಲಿನ 1976ರ ಕಾಯ್ದೆಯಂತೆ 2,000ಕ್ಕೂ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ನೌಕರರದ್ದು. ಪಾಳಿ ಬದಲಿಸಲೂ ನೌಕರರ ಮಂಡಳಿಯ ಒಪ್ಪಿಗೆ ಬೇಕು. ಈ ಹಕ್ಕು ಜರ್ಮನಿಯ ಗಡಿ ದಾಟುವುದಿಲ್ಲ. ಅಮೆರಿಕದಲ್ಲಂತೂ ಒಪ್ಪಂದವಿಲ್ಲದ ನೌಕರನನ್ನು ಕಾರಣ ನೀಡದೆಯೇ ತೆಗೆಯುವುದು ಸಾಮಾನ್ಯ ನಿಯಮ.

ಭಾರತದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಉಭಯಪಕ್ಷಗಳ ಕಾರ್ಯಸಮಿತಿಗೆ ಅವಕಾಶವಿತ್ತು, ಆದರೆ ನಿರ್ಣಯದ ಅಧಿಕಾರವಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಶೇ. 51ರಷ್ಟು ಸದಸ್ಯಬಲದ ಸಂಘಕ್ಕೆ ಮಾತುಕತೆಯ ಹಕ್ಕು ನೀಡಿದೆ. ಜೊತೆಗೆ, ಕಾರ್ಮಿಕರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿಯನ್ನು 100ರಿಂದ 300ಕ್ಕೆ ಏರಿಸಿದೆ. ಬಿಡದಿಯ ಮುಂದಿನ ವೇತನ ಮಾತುಕತೆಗಳು ನಡೆಯಬೇಕಿರುವುದು ಈ ಚೌಕಟ್ಟಿನಲ್ಲಿ.