ಕಾಣುವ ಗಡಿಗೆಯ ಸತ್ಯ

ನೋಡುವವನ ಅರಿವನ್ನು ಬಿಟ್ಟು ಜಗತ್ತು ತಾನಾಗಿಯೇ ಇದೆಯೇ ಎಂಬ ಪ್ರಶ್ನೆಯನ್ನು ಕನ್ನಡ ನೆಲದಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಪರೀಕ್ಷಿಸಿದವರು, ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಶಾಸ್ತ್ರ ಕಲಿತು, ವಿಜಯನಗರದ ಅರಸರ ಮನ್ನಣೆ ಪಡೆದು, 1539ರಲ್ಲಿ ಬೃಂದಾವನಸ್ಥರಾದ ಮಾಧ್ವ ಯತಿ ವ್ಯಾಸತೀರ್ಥರು. ಅವರ ‘ನ್ಯಾಯಾಮೃತ’ ಎದುರಿಸಿದ ಅದ್ವೈತದ ಅನುಮಾನ, ಎಂದರೆ ಹೇತುವಿನಿಂದ ಸಾಧಿಸುವ ವಾದ, ನೋಡಲು ಚಿಕ್ಕದು: ಜಗತ್ತು ಮಿಥ್ಯೆ, ಏಕೆಂದರೆ ಅದು ದೃಶ್ಯ, ಕಪ್ಪೆಚಿಪ್ಪಿನಲ್ಲಿ ಕಂಡ ಬೆಳ್ಳಿಯ ಹಾಗೆ. ಇಲ್ಲಿ ದೃಶ್ಯವೆಂದರೆ ಅರಿವಿಗೆ ವಿಷಯವಾಗುವುದು. ಮಿಥ್ಯೆಯೆಂದರೆ ಬರಿಯ ಸುಳ್ಳಲ್ಲ, ಸತ್ತೆಂದೂ ಅಸತ್ತೆಂದೂ ನಿರ್ವಚಿಸಲಾಗದ್ದು.

ಕಡಲಂಚಿನ ಮರಳಿನಲ್ಲಿ ಹೊಳೆದದ್ದನ್ನು ಬೆಳ್ಳಿಯೆಂದು ಬಗೆದು ಬಾಗಿ ಎತ್ತಿಕೊಂಡವನ ಅಂಗೈಯಲ್ಲಿ ಉಳಿಯುವುದು ಚಿಪ್ಪು ಮಾತ್ರ. ಏನೂ ಇಲ್ಲದ್ದು ಕಾಣಲಾರದು, ಕಂಡ ಬೆಳ್ಳಿಗೆ ತೋರುವಷ್ಟು ಹೊತ್ತಿನ ಇರವಾದರೂ ಇತ್ತು ಎನ್ನುತ್ತಾರೆ ಅದ್ವೈತಿಗಳು. ಬೆಳ್ಳಿ ಅಲ್ಲಿ ಎಂದೂ ಇರಲಿಲ್ಲ, ಇದ್ದ ಚಿಪ್ಪೇ ಬೇರೆಯಾಗಿ ತೋರಿತು, ನಿಜವಾದ ಬೆಳ್ಳಿಯನ್ನು ಬೇರೆಡೆ ಕಂಡವನಿಗಷ್ಟೇ ಆ ಭ್ರಮೆ ಸಾಧ್ಯ ಎನ್ನುತ್ತಾರೆ ದ್ವೈತಿಗಳಾದ ಮಾಧ್ವರು.

ಐರ್ಲೆಂಡಿನ ಜಾರ್ಜ್ ಬರ್ಕ್ಲಿ 1710ರಲ್ಲಿ ವಸ್ತುವಿನ ಇರವನ್ನು ಅರಿವಿಗೆ ಬರುವುದರಲ್ಲೇ ಇರಿಸಿದ. ಈ ಅನುಮಾನದಲ್ಲಾದರೋ ಅರಿವಿಗೆ ಬರುವುದೇ ವಸ್ತುವಿನ ಸತ್ಯತ್ವಕ್ಕೆ ಬಾಧಕ. ಆದಕಾರಣ ಬರ್ಕ್ಲಿಯನ್ನೂ ಅದ್ವೈತಿಗಳನ್ನೂ ಒಂದೇ ಹೆಸರಿನಿಂದ ಕರೆಯುವುದು ಅವಸರದ ಮಾತಾಗುತ್ತದೆ, ಅದರಲ್ಲೂ ಶಂಕರರೇ ಬ್ರಹ್ಮಸೂತ್ರಭಾಷ್ಯದಲ್ಲಿ, ವಿಜ್ಞಾನವೊಂದೇ ಇದೆ ಎನ್ನುವ ಬೌದ್ಧ ವಿಜ್ಞಾನವಾದಿಗಳಿಗೆ, ಜನ ಕಾಣುವುದು ಕಂಬವನ್ನೂ ಗೋಡೆಯನ್ನೂ ಹೊರತು ತಮ್ಮ ಜ್ಞಾನವನ್ನಲ್ಲ ಎಂದು ಉತ್ತರಿಸಿರುವಾಗ. ಬರ್ಕ್ಲಿಗೆ ನಿಜವಾಗಿ ಹತ್ತಿರವಾದದ್ದು, ಕಂಡಾಗಲೇ ವಸ್ತುವಿನ ಸೃಷ್ಟಿ ಎನ್ನುವ, ಅದ್ವೈತದೊಳಗಿನ ದೃಷ್ಟಿಸೃಷ್ಟಿವಾದ. ನಿನ್ನೆ ಕಂಡ ಗಡಿಗೆಯೇ ಇದು ಎಂದು ಗುರುತಿಸುವ ಪ್ರತ್ಯಭಿಜ್ಞೆಗೆ ಅದು ಹೊಂದದೆಂಬುದು ದ್ವೈತಿಗಳ ಆಕ್ಷೇಪ.

ವ್ಯಾಸತೀರ್ಥರ ಪೆಟ್ಟು ಬಿದ್ದದ್ದು ‘ದೃಶ್ಯ’ ಎಂಬ ಪದದ ಮೇಲೆ. ಅಂತಃಕರಣದ ವೃತ್ತಿಗೆ, ಅಂದರೆ ಮನಸ್ಸು ವಸ್ತುವಿನ ಆಕಾರ ತಳೆಯುವ ಕ್ರಿಯೆಗೆ, ಸಿಲುಕುವುದೇ ದೃಶ್ಯತ್ವವಾದರೆ, ವೇದಾಂತವಾಕ್ಯದಿಂದ ಹುಟ್ಟುವ ವೃತ್ತಿಗೆ ಬ್ರಹ್ಮವೂ ವಿಷಯವಾಗುವುದರಿಂದ ಬ್ರಹ್ಮವೂ ಮಿಥ್ಯೆಯೆನ್ನಬೇಕಾಗುತ್ತದೆ. ಆ ಹೇತುವನ್ನು ಇಷ್ಟು ನೇರವಾಗಿ ಅದರ ಒಡೆಯರ ಕಡೆಗೇ ತಿರುಗಿಸಿದ ವಾದ ವಿರಳ. ಕಾಶಿಯ ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ಯಲ್ಲಿ ‘ನ್ಯಾಯಾಮೃತ’ವನ್ನು ಬಿಡಿಬಿಡಿಯಾಗಿ ಖಂಡಿಸುತ್ತ, ವೃತ್ತಿಗೆ ವಿಷಯವಾಗುವುದು ಉಪಾಧಿಯಿಂದ, ಅಂದರೆ ಮಿತಿ ಹಾಕುವ ಆಗಂತುಕ ಗುಣದಿಂದ, ಕೂಡಿದ ಬ್ರಹ್ಮವೇ ಹೊರತು ಶುದ್ಧಬ್ರಹ್ಮವಲ್ಲ ಎಂದು ಸಮಾಧಾನ ಹೇಳಿದರು, ಅದಕ್ಕೆ ವ್ಯಾಸರಾಮಾಚಾರ್ಯರ ‘ತರಂಗಿಣಿ’ ಎದುರಾಯಿತು, ‘ತರಂಗಿಣಿ’ಗೆ ಗೌಡಬ್ರಹ್ಮಾನಂದರ ‘ಲಘುಚಂದ್ರಿಕೆ’.