ಗುಂಡುಬಂಡೆ ಎಂಬ ಪ್ರಯೋಗಶಾಲೆ

ಅಡಕೆ ಮರ ಏರುವವರನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಪಾದಗಳಿಗೆ ತಳೆ ಹಾಕಿಕೊಂಡು ಅವರು ಸರಸರನೆ ಮೇಲೇರುತ್ತಾರೆ. ಮೈಯ ಭಾರವನ್ನು ಎತ್ತುವುದು ಕಾಲು. ತೋಳುಗಳು ಮರವನ್ನು ತಬ್ಬಿ ಆಸರೆ ಕೊಡುತ್ತವೆ, ಅಷ್ಟೆ. ಬಂಡೆ ಏರುವ ಕಲೆ ಬೆಳೆದು ಬಂದ ಕಥೆಯೂ ಇಲ್ಲಿಂದಲೇ ಆರಂಭವಾಗುತ್ತದೆ.

ಹಗ್ಗದ ನೆರವಿಲ್ಲದೆ, ಸಾಮಾನ್ಯವಾಗಿ ನಾಲ್ಕೈದು ಮೀಟರ್ ಎತ್ತರದೊಳಗಿನ ಬಂಡೆಯನ್ನು ಏರುವ ಆಟಕ್ಕೆ ಬೋಲ್ಡರಿಂಗ್ ಎಂದು ಹೆಸರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಶಿಲಾರೋಹಣ ಮೊದಲ ಬಾರಿಗೆ ಪದಕದ ಸ್ಪರ್ಧೆಯಾದಾಗ ಇದೂ ಅದರ ಒಂದು ಭಾಗವಾಗಿತ್ತು. ಇಂದು ನಮ್ಮ ನಗರಗಳಲ್ಲಿಯೂ ಕೃತಕ ಗೋಡೆಗಳ ಮೇಲೆ ಇದನ್ನು ಕಲಿಯುವ ಯುವಕ ಯುವತಿಯರಿದ್ದಾರೆ. ಆದರೆ ಹೊಸಬರಲ್ಲಿ ಅನೇಕರು ತೋಳಿನ ಬಲವೇ ಎಲ್ಲ ಎಂದು ಭಾವಿಸಿ, ಬೆರಳಿನ ಸ್ನಾಯುರಜ್ಜುಗಳನ್ನು ನೋಯಿಸಿಕೊಂಡು ಮನೆಗೆ ಮರಳುತ್ತಾರೆ. ಸ್ನಾಯು ಬಲಿತಷ್ಟು ಬೇಗ ಸ್ನಾಯುರಜ್ಜು ಬಲಿಯುವುದಿಲ್ಲ. ಆದ್ದರಿಂದ ಹಿಂದಿನವರು ಏನು ಕಂಡುಕೊಂಡರು ಎಂಬುದನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ. ನಿಮ್ಮ ಬೆರಳುಗಳ ಕ್ಷೇಮದ ಮಾತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪರ್ವತಾರೋಹಿಗಳಿಗೆ ಸಣ್ಣ ಬಂಡೆಯೆಂದರೆ ಬಿಡುವಿನ ವೇಳೆಯ ವಿನೋದ. ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಆಸ್ಕರ್ ಎಕೆನ್‌ಸ್ಟೈನ್ ಅದನ್ನು ಗಂಭೀರವಾಗಿ ನೋಡಿದರು. ವೇಲ್ಸ್‌ನ ಬಂಡೆಗಳ ಮೇಲೆ ಅವರು ಅಭ್ಯಾಸ ಮಾಡಿದ್ದು ಸಮತೋಲನವನ್ನು. ಮುಂದಿನ ಹಿಡಿತಕ್ಕೆ ಕೈಚಾಚುವ ಮೊದಲು ದೇಹದ ಭಾರಕೇಂದ್ರ ಪಾದದ ಮೇಲೆ ಬಂದಿದೆಯೇ ಎಂಬುದು ಮುಖ್ಯ ಪ್ರಶ್ನೆ. ನೀವೇ ಪರೀಕ್ಷಿಸಿ ನೋಡಿ: ಎಡಗಾಲನ್ನೂ ಎಡಭುಜವನ್ನೂ ಗೋಡೆಗೆ ಒತ್ತಿ ನಿಂತು ಬಲಗಾಲನ್ನು ಎತ್ತಲು ಯತ್ನಿಸಿ. ಆಗುವುದಿಲ್ಲ! ಭಾರವನ್ನು ಪಕ್ಕಕ್ಕೆ ಸರಿಸದೆ ಕಾಲು ಮೇಲೇಳದು. ಬಂಡೆಯ ಮೇಲೂ ಇದೇ ನಿಯಮ. ಮೊದಲು ಸೊಂಟ ಸರಿಯಬೇಕು, ಆಮೇಲೆ ಕಾಲು, ಕೊನೆಗೆ ಕೈ.

ಎರಡನೆಯ ಪಾಠ ಫ್ರಾನ್ಸಿನದು. ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಫಾಂಟೆನ್‌ಬ್ಲೋ ಅರಣ್ಯದಲ್ಲಿ ಮರಳುಗಲ್ಲಿನ ಬಂಡೆಗಳು ಚದುರಿ ಬಿದ್ದಿವೆ. ಅವುಗಳ ನೆತ್ತಿ ನುಣುಪು, ದುಂಡು. ಬೆರಳಿಗೆ ಅಂಚೇ ಸಿಗುವುದಿಲ್ಲ. ಅಲ್ಲಿ ಪಳಗಿದ ಪಿಯೆರ್ ಅಲ್ಯಾಂ 1930ರ ದಶಕದಲ್ಲಿ ಮೃದುವಾದ ರಬ್ಬರ್ ಅಟ್ಟೆಯ ಬೂಟನ್ನು ರೂಪಿಸಿದರು. ಮೊಳೆ ಹೊಡೆದ ಭಾರದ ಬೂಟುಗಳಿಗೆ ಒಲ್ಲದ ಇಳಿಜಾರು ಈ ರಬ್ಬರಿಗೆ ಒಲಿಯಿತು. ಘರ್ಷಣೆ ಹೆಚ್ಚಬೇಕಾದರೆ ಪಾದವು ಬಂಡೆಯನ್ನು ಹೆಚ್ಚು ಒತ್ತಬೇಕು, ಇದು ನೀವು ಓದಿರುವ ಭೌತಶಾಸ್ತ್ರವೇ. ಹೆದರಿ ಬಂಡೆಯನ್ನು ಅಪ್ಪಿಕೊಂಡರೆ ಪಾದ ಹೊರಕ್ಕೆ ಜಾರುತ್ತದೆ. ನೆಟ್ಟಗೆ ನಿಂತು, ಹಿಮ್ಮಡಿಯನ್ನು ತುಸು ತಗ್ಗಿಸಿದರೆ ಅದೇ ಪಾದ ಕಚ್ಚಿಕೊಳ್ಳುತ್ತದೆ.

ಮೂರನೆಯ ಪಾಠ ಕಲಿಸಿದವರು ಅಮೆರಿಕದ ಜಾನ್ ಗಿಲ್. 1937ರಲ್ಲಿ ಹುಟ್ಟಿದ ಅವರು ಗಣಿತದ ಪ್ರಾಧ್ಯಾಪಕರಾದರು. ಜಿಮ್ನಾಸ್ಟಿಕ್ಸ್ ಪಟುವೂ ಹೌದು. ಜಿಮ್ನಾಸ್ಟರು ಕೈಬೆವರು ಹೀರಲು ಬಳಸುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನು 1950ರ ದಶಕದಲ್ಲಿ ಅವರು ಬಂಡೆಗೆ ತಂದರು. ಅದಕ್ಕಿಂತ ದೊಡ್ಡ ಕೊಡುಗೆ ಚಲನೆಯ ಕಲ್ಪನೆ. ಮೂರು ಆಧಾರಗಳನ್ನು ಬಿಡದೆ ನಾಲ್ಕನೆಯದನ್ನು ಸರಿಸಬೇಕು ಎಂಬುದು ಹಳಬರ ಸೂತ್ರ. ಗಿಲ್ ಅದನ್ನು ಮೀರಿ, ಮೈಯ ವೇಗವನ್ನೇ ಸಾಧನವಾಗಿಸಿದರು.

ಒಂದು ಚೆಂಡನ್ನು ಮೇಲಕ್ಕೆ ಎಸೆಯಿರಿ. ತುತ್ತತುದಿಯಲ್ಲಿ ಒಂದು ಕ್ಷಣ ಅದರ ವೇಗ ಶೂನ್ಯ. ಕಾಲಿನಿಂದ ಒದ್ದು ಮೇಲೆದ್ದ ದೇಹಕ್ಕೂ ಅಂಥ ಒಂದು ಕ್ಷಣ ಉಂಟು. ಆ ಕ್ಷಣದಲ್ಲಿಯೇ ಕೈ ಹಿಡಿತವನ್ನು ಮುಟ್ಟಿದರೆ ಬೆರಳಿಗೆ ಜಗ್ಗಾಟವಿಲ್ಲ. ತಡವಾದರೆ ಬೀಳುವ ದೇಹವನ್ನು ಬೆರಳೇ ತಡೆಯಬೇಕು. ಪರದೆಯ ಮೇಲೆ ನಿಧಾನಗತಿಯ ದೃಶ್ಯ ಬಂದಾಗ ಏರುವವರ ಕೈಯನ್ನಲ್ಲ, ಸೊಂಟವನ್ನು ನೋಡಿ. ಆ ಕ್ಷಣ ನಿಮಗೇ ಕಾಣಿಸುತ್ತದೆ.

1961ರಲ್ಲಿ ಗಿಲ್ ದಕ್ಷಿಣ ಡಕೋಟದ ಥಿಂಬಲ್ ಎಂಬ ಸುಮಾರು 30 ಅಡಿಯ ಶಿಖರವನ್ನು ಹಗ್ಗವಿಲ್ಲದೆ ಏರಿದರು. ಕೆಳಗೆ ಮೆತ್ತೆ ಇರಲಿಲ್ಲ, ಬೇಲಿಯ ಕಂಬಿಯಿತ್ತು. ಇದು ಅನುಕರಣೆಗೆ ತಕ್ಕುದಲ್ಲ. ಆದರೆ ಅದರ ಹಿಂದಿದ್ದ ಸಿದ್ಧತೆಯನ್ನು ನೀವು ಅನುಕರಿಸಬಹುದು. ನೆಲದ ಮೇಲೆ ನಿಂತೇ ಪ್ರತಿ ಹೆಜ್ಜೆಯನ್ನು ಮನಸ್ಸಿನಲ್ಲಿ ಇಟ್ಟು ನೋಡಿ. ಯಾವ ಕಾಲು, ಯಾವ ದಿಕ್ಕಿನ ಎಳೆತ ಎಂದು ನಿರ್ಧರಿಸಿ. 1969ರಲ್ಲಿ ಅಮೆರಿಕನ್ ಆಲ್ಪೈನ್ ಜರ್ನಲ್‌ನಲ್ಲಿ ಗಿಲ್ ಬೋಲ್ಡರಿಂಗ್ ಒಂದು ಸ್ವತಂತ್ರ ಕಲೆಯೆಂದು ಲೇಖನ ಬರೆದರು. ಆಟಕ್ಕೆ ಗೌರವ ಬಂತು.

1990ರ ದಶಕದಲ್ಲಿ ದಪ್ಪ ಮೆತ್ತೆಗಳು ಬಂದಮೇಲೆ ಬೀಳುವುದೂ ಒಂದು ವಿದ್ಯೆಯಾಯಿತು. ಎರಡೂ ಪಾದಗಳ ಮೇಲೆ ಇಳಿಯಿರಿ, ಮೊಣಕಾಲು ಮಡಿಸಿ, ಬೆನ್ನಿನ ಕಡೆಗೆ ಉರುಳಿ. ಕೈಯನ್ನು ಹಿಂದಕ್ಕೆ ಊರಬೇಡಿ, ಮಣಿಕಟ್ಟು ಮುರಿದೀತು.

ಇನ್ನು ನಮ್ಮ ನಾಡಿನ ಮಾತು. ಹಂಪಿ, ಆನೆಗೊಂದಿಗಳ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಬಂಡೆಗಳು ದುಂಡಗಾಗಿವೆ. ಅಮೆರಿಕದ ಕ್ರಿಸ್ ಶರ್ಮ ಮತ್ತು ಗೆಳೆಯರು ಇಲ್ಲಿ ಏರಿದ ದೃಶ್ಯಗಳುಳ್ಳ 'ಪಿಲ್‌ಗ್ರಿಮೇಜ್' ಚಿತ್ರ 2003ರಲ್ಲಿ ಬಂದಮೇಲೆ ಹಂಪಿಯ ಹೆಸರು ಲೋಕದ ಆರೋಹಿಗಳಿಗೆಲ್ಲ ಪರಿಚಿತವಾಯಿತು. ಇಲ್ಲಿನ ಒರಟು ಹರಳು ಬೆರಳ ಚರ್ಮವನ್ನು ಬೇಗ ಸವೆಸುತ್ತದೆ. ಬಿಸಿಲೇರಿದರೆ ಕೈ ಬೆವರಿ ಹಿಡಿತ ಸಡಿಲವಾಗುತ್ತದೆ. ಬಲಕ್ಕಿಂತ ಪಾದದ ನಯವೂ ಬೆಳಗಿನ ತಂಪೂ ಇಲ್ಲಿ ಹೆಚ್ಚು ಫಲ ಕೊಡುತ್ತವೆ.

ಒಂದು ಎಚ್ಚರಿಕೆ. ಇಲ್ಲಿನ ಕೆಲವು ಬಂಡೆಗಳ ಮೇಲೆ ಸಾಲಾಗಿ ಬೆಣೆಯ ಗುಳಿಗಳನ್ನು ನೀವು ಕಾಣುವಿರಿ. ಅವು ವಿಜಯನಗರದ ಕಲ್ಲುಕುಟಿಗರು ಬಂಡೆ ಸೀಳಲು ತೋಡಿದವು. ಅವು ಕಾಲಿಡುವ ಮೆಟ್ಟಿಲಲ್ಲ, ಇತಿಹಾಸದ ದಾಖಲೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣದಲ್ಲಿ ಸ್ಮಾರಕಗಳನ್ನೂ ಅವುಗಳ ಆವರಣದ ಬಂಡೆಗಳನ್ನೂ ಏರಬೇಡಿ. ಬೇರೆಡೆ ಏರಿದಾಗಲೂ ನೀವು ಬಿಟ್ಟ ಬಿಳಿ ಪುಡಿಯನ್ನು ಬ್ರಷ್‌ನಿಂದ ಒರೆಸಿ ಬನ್ನಿ.

ಮುಂದಿನ ಸಲ ಸುಲಭವಾದ ಒಂದು ಬಂಡೆಯನ್ನೋ ಗೋಡೆಯನ್ನೋ ಆರಿಸಿಕೊಳ್ಳಿ. ಜೊತೆಗೆ ಅನುಭವಿಗಳೊಬ್ಬರು ಇರಲಿ. ಪಾದವಿಟ್ಟಾಗ ಸದ್ದಾಗದಂತೆ ಅದನ್ನು ಹತ್ತು ಸಲ ಏರಿ. ಸದ್ದಾದರೆ ಪಾದ ಗುರಿ ತಪ್ಪಿತೆಂದು ಅರ್ಥ. ಹತ್ತನೆಯ ಸಲ ಸದ್ದಿಲ್ಲದೆ ಮೇಲೆ ತಲುಪಿದಾಗ ನಿಮ್ಮ ತೋಳು ಎಷ್ಟು ಕಡಿಮೆ ದಣಿದಿದೆ ಎಂಬುದನ್ನು ಗಮನಿಸಿ.