ಹಾಡು, ಕಾಗದ, ತೆರೆ: 1857–58ರ ನೆನಪು ನಡೆದು ಬಂದ ದಾರಿ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಹಿರಿಯರ ಮುಂದೆ ಹಳೆಯ ಕಾಳಗದ ಮಾತು ತೆಗೆದರೆ ಮೊದಲು ಬರುವುದು ನಿಜಾಮನ ಕಡೆಯ ರಜಾಕಾರರ ಹಾವಳಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಇಲ್ಲಿ ಮನೆಮನೆಯ ಕತೆ. ಅದರಡಿ ತೊಂಬತ್ತು ವರ್ಷ ಹಿಂದಿನ ಇನ್ನೊಂದು ಕಾಳಗ ಮುಚ್ಚಿಹೋಗಿದೆ. 1857–58ರಲ್ಲಿ ಜೇವರ್ಗಿಗೆ ನೆರೆಯಾದ ಸುರಪುರದಲ್ಲಿ, ಕೃಷ್ಣೆಯಾಚೆ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ, ನರಗುಂದ, ಕೊಪ್ಪಳಗಳಲ್ಲಿ ಜನ ಕಂಪನಿ ಸರ್ಕಾರದ ವಿರುದ್ಧ ತಿರುಗಿಬಿದ್ದರು. ಬಂಡೆದ್ದವರೂ ನಮ್ಮವರು, ಕಂಪನಿಯ ಪಗಾರ ತಿಂದು ಅವರ ಮೇಲೆ ಏರಿಹೋದ ಸಿಪಾಯಿಗಳಲ್ಲಿ ಬಹುಪಾಲು ಈ ದೇಶದವರೇ. ಈ ನೆನಪು ಹಾಡಿನಿಂದ ಕಾಗದಕ್ಕೆ, ಅಲ್ಲಿಂದ ತೆರೆಗೆ ದಾಟುತ್ತ ಬಂದಿದೆ. ದಾಟುವಾಗ ಒಂದಿಷ್ಟನ್ನು ಕಳೆದುಕೊಂಡೂ ಇದೆ.

ಮೊದಲ ಘಟ್ಟ ಲಾವಣಿಯದು. ಹತಾರು ಒಪ್ಪಿಸಬೇಕೆಂಬ 1857ರ ಕಾಯಿದೆಗೆ ಹಲಗಲಿಯ ಬೇಡರು ಮಣಿಯಲಿಲ್ಲ. ಹನುಮ, ಬಾಲ, ಜಡಗ, ರಾಮ ಮುಂದಾಳುಗಳಾಗಿ ನಿಂತರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಈ ಕತೆಯನ್ನು ಕಟ್ಟಿದ ಲಾವಣಿಕಾರ ತನ್ನ ಹೆಸರು ಹೇಳದೆ ಕುರ್ತಕೋಟಿ ಕಲ್ಮೇಶನ ಅಂಕಿತವಿಟ್ಟ. ಆತನ ಕಣ್ಣು ವೀರರ ಮೇಲಷ್ಟೇ ನಿಲ್ಲುವುದಿಲ್ಲ. ದಂಡಿನವರು ದೋಚಿದ್ದನ್ನು ಹೇಳುವಾಗ ಕೊಡಲಿಯಿಂದ ಹಿಡಿದು ಬೆಣ್ಣೆ, ಉಪ್ಪು, ಅರಿಷಿಣ, ಚರಗಿ, ತಾಳಿ, ಬೀಸುಕಲ್ಲಿನ ತನಕ ಪಟ್ಟಿ ಬೆಳೆಯುತ್ತದೆ. ಯಾವ ಸರ್ಕಾರಿ ವರದಿಯೂ ಬೀಸುಕಲ್ಲಿಗೆ ಸಾಲು ಕೊಡುವುದಿಲ್ಲ. ಸುಟ್ಟ ಊರಿನ ಅಡುಗೆಮನೆ ನಮಗೆ ಕಾಣುವುದು ಈ ಹಾಡಿನಲ್ಲಿ ಮಾತ್ರ.

ಇದನ್ನು ಅಚ್ಚಿಗೆ ಹಾಕಿಸಿದವರು ಮುಂಬೈ ಪ್ರಾಂತದ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್. ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಪ್ರಕಟಿಸಿದರು. ಬಂಡಾಯದ ಹಾಡನ್ನು ಉಳಿಸಿಕೊಟ್ಟದ್ದು ಬಂಡಾಯ ಅಡಗಿಸಿದ ಆಡಳಿತದ್ದೇ ಒಬ್ಬ ಅಧಿಕಾರಿ. ಮುಂದೆ ಹಲಗಲಿಯ ಹಾಡು ಹತ್ತನೆಯ ತರಗತಿಯ ಪಾಠವೂ ಆಯಿತು.

ಭೀಮೆಯ ದಂಡೆಯಲ್ಲಿ ಇಂಥ ಹಾಡು ಹೊರುವ ಕೊರಳುಗಳಿಗೆ ಬರವಿರಲಿಲ್ಲ. ಅಫಜಲಪುರದಿಂದ ನದಿ ದಾಟಿದರೆ ಸಿಗುವ ವಿಜಯಪುರ ಸೀಮೆಯ ಹಲಸಂಗಿ ಲಾವಣಿಕಾರ ಖಾಜಾಭಾಯಿಯ ಊರು. ಅಲ್ಲಿನ ಗೆಳೆಯರ ಬಳಗ 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ತಂದಿತು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಭಜನಾ ಮೇಳಗಳ ಬಾಯಲ್ಲೇ ಇಷ್ಟು ದೂರ ಬಂದಿವೆ. ಯುದ್ಧದ ದುಃಖ ಹಾಡುವುದಕ್ಕಂತೂ ಮೊಹರಮ್ಮಿನ ರಿವಾಯತ್ ಪದಗಳಿವೆ. ಹಿಂದೂ–ಮುಸ್ಲಿಮರು ಕೂಡಿ ಹೆಜ್ಜೆ ಹಾಕುತ್ತ ಕರ್ಬಲಾದ ಸಾವುಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಸೋತವರ ಪರ ನಿಂತು ಅಳುವ ಕಲೆ ಈ ನಾಡಿಗೆ ಹೊಸದಲ್ಲ.

ಎರಡನೆಯ ಘಟ್ಟ ಕಾಗದದ್ದು. ಸುರಪುರದ ರಾಜಾ ವೆಂಕಟಪ್ಪ ನಾಯಕ ಎಳೆಯನಿದ್ದಾಗ ಸಂಸ್ಥಾನದ ಉಸ್ತುವಾರಿ ನೋಡಿದ್ದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಆತನನ್ನು ಅಪ್ಪ ಎಂದೇ ಕರೆಯುತ್ತಿದ್ದ. 1853ರಲ್ಲಿ ಟೇಲರ್ ಆಳಂದದ ವಾಯವ್ಯಕ್ಕಿರುವ ನಳದುರ್ಗಕ್ಕೆ ಹೋದ. 1858ರ ಫೆಬ್ರವರಿಯಲ್ಲಿ ಸುರಪುರದ ಕಾಳಗ ನಡೆಯಿತು, ಕಂಪನಿ ದಂಡಿನ ಕ್ಯಾಪ್ಟನ್ ನ್ಯೂಬೆರಿ ಸತ್ತ, ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಸಿಕ್ಕ. ಸೆರೆಯಲ್ಲಿ ತನ್ನನ್ನು ಕಂಡ ಯುವಕ, ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಎಂದು ಕೇಳಿಕೊಂಡನೆಂದು ಟೇಲರ್ ಬರೆದಿದ್ದಾನೆ. ಶಿಕ್ಷೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್ಪಟ್ಟಿನ ದಾರಿಯಲ್ಲಿ ರಾಜ ಗುಂಡೇಟಿಗೆ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. 1877ರಲ್ಲಿ ಅಚ್ಚಾದ ಟೇಲರನ ಆತ್ಮಕಥೆಯಲ್ಲಿ ಮಮತೆಯೂ ಇದೆ, ಆಳುವವನ ಸಮರ್ಥನೆಯೂ ಇದೆ. ಸುರಪುರದ ಮಾತು ಬಂದಾಗಲೆಲ್ಲ ಇಂದಿಗೂ ಅದರ ಮೊರೆ ಹೋಗಬೇಕಾಗಿದೆ. ಆದರೆ ಅದು ಒಬ್ಬ ಸಾಹೇಬ ಒಬ್ಬ ಅರಸನ ಬಗ್ಗೆ ಹೇಳಿದ ಮಾತು. ರಾಜನ ಹಿಂದೆ ನಿಂತ ಬೇಡ ಬಂಟರ ದನಿ ಅದರಲ್ಲಿಲ್ಲ.

ಮೂರನೆಯ ಘಟ್ಟ ತೆರೆಯದು. ಬಿ.ಆರ್. ಪಂತುಲು 1961ರಲ್ಲಿ ಬಿ. ಸರೋಜಾದೇವಿಯವರನ್ನು ಹಾಕಿಕೊಂಡು ‘ಕಿತ್ತೂರು ಚೆನ್ನಮ್ಮ’ ತೆಗೆದರು. 2012ರಲ್ಲಿ ದರ್ಶನ್ ಅಭಿನಯದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂತು. ಇವೆರಡೂ 1857ಕ್ಕಿಂತ ಹಿಂದಿನ ಕತೆಗಳು. ಆದರೂ ಬಂಡಾಯವೆಂದರೆ ಕನ್ನಡಿಗರ ಕಣ್ಣಿಗೆ ಕಟ್ಟುವ ಚಿತ್ರ ಇವುಗಳದೇ. ಹಿಂದಿಯಲ್ಲಿ ಶ್ಯಾಮ್ ಬೆನಗಲ್ ‘ಜುನೂನ್’ (1978) ಮೂಲಕ 1857ನ್ನು ಒಂದು ಮನೆಯೊಳಗೆ ತಂದು ನಿಲ್ಲಿಸಿದರು. ಸುರಪುರಕ್ಕೆ ಆ ಮಟ್ಟದ ತೆರೆ ಸಿಕ್ಕಿಲ್ಲ. ಸಿನಿಮಾ ನಾಯಕನನ್ನು ದೊಡ್ಡವನನ್ನಾಗಿ ಮಾಡಿತು, ಬೀಸುಕಲ್ಲನ್ನು ಕೈಬಿಟ್ಟಿತು.

ತೆರೆ ಸಾಮಾನ್ಯರಿಗೂ ದನಿ ಕೊಡಬಲ್ಲದು. 1861–65ರ ಅಂತರ್ಯುದ್ಧದಲ್ಲಿ ತಮ್ಮತಮ್ಮಲ್ಲೇ ಕಾದಾಡಿದ ಅಮೆರಿಕದ ಸೈನಿಕರು ರಾಶಿ ರಾಶಿ ಪತ್ರ ಬರೆದಿಟ್ಟರು. 1990ರಲ್ಲಿ ಕೆನ್ ಬರ್ನ್ಸ್ ತಮ್ಮ ಸಾಕ್ಷ್ಯಚಿತ್ರ ಸರಣಿಯಲ್ಲಿ ಅವನ್ನು ಓದಿಸಿದಾಗ ಸತ್ತ ಸಿಪಾಯಿಗಳು ಮಾತಾಡಿದಂತಾಯಿತು. ನಮ್ಮ ಬಂಟರಲ್ಲಿ ಅಕ್ಷರ ಬಲ್ಲವರು ವಿರಳ. ಅವರ ಪತ್ರವೆಂದರೆ ಲಾವಣಿಯೇ. ಹಾಗಾಗಿ ಇಲ್ಲಿ ಹಾಡನ್ನು ಬರಿಯ ಮನರಂಜನೆ ಎಂದು ಬದಿಗಿಟ್ಟರೆ ಇತಿಹಾಸದ ಅರ್ಧವನ್ನೇ ಬದಿಗಿಟ್ಟಂತೆ. ಹಾಡಿನಲ್ಲಿ ಉತ್ಪ್ರೇಕ್ಷೆ ಇದೆ ನಿಜ, ಸಾಹೇಬರ ವರದಿಯಲ್ಲೂ ಇದೆ. ಎರಡನ್ನೂ ಎದುರುಬದುರು ಇಟ್ಟು ಓದಬೇಕು.

ಅದಕ್ಕೆ ಮೊದಲು ಹಾಡು ಕೈಗೆ ಸಿಗಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಡಪ್ಪು ಹಿಡಿದು ಗೀಗೀ, ಲಾವಣಿ ಹಾಡುವ ವಯಸ್ಸಾದವರು ನಿಮ್ಮ ಊರಲ್ಲಿದ್ದರೆ, ಬರುವ ಜಾತ್ರೆಗೋ ಮೊಹರಮ್ಮಿಗೋ ಅವರ ಎದುರು ಕೂತು ಮೊಬೈಲಿನಲ್ಲಿ ಪೂರ್ತಿ ಹಾಡಿಸಿಕೊಳ್ಳಿ. ಅವರ ಒಪ್ಪಿಗೆ ಪಡೆದು ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಬರೆದಿಡಿ. ಒಂದು ಪ್ರತಿಯನ್ನು ಗುಲ್ಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಊರಿನ ಗ್ರಂಥಾಲಯಕ್ಕೋ ಮುಟ್ಟಿಸಿ. ಫ್ಲೀಟ್ ಮಾಡಿದ ಕೆಲಸಕ್ಕೆ ಇನ್ನೊಬ್ಬ ಸಾಹೇಬನ ದಾರಿ ಕಾಯಬೇಕಿಲ್ಲ.